ಹೆಪ್ಪು ಹಾಕಿದ ಪೆಟ್ರೋಲು

ನೀರು ಕುಡಿಯುವ ಮುಂಚೆ ವಾಮದೇವಪ್ಪ ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಆಮೇಲೆ ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡು, “ಏನ್ ಮಾಡಾದು ಸಾರ್, ನೀರಡಿಕಿ ಆಗ್ತೈತಿ, ಪೆಟ್ರೋಲ್ ಕುಡೀತೀವಿ” ಎಂದು ನಿಟ್ಟುಸಿರು ಬಿಡುತ್ತಿದ್ದ. ದಿನಕ್ಕೆ ನಾಲ್ಕೈದು ಸಲ ಇದೇ ಮಾತು. ಮೊದಲ ವಾರ ನಕ್ಕೆ. ಎರಡನೇ ವಾರದಿಂದ ಅವನು ಲೋಟ ಎತ್ತಿದ ಕೂಡಲೇ ನಾನು ಎದ್ದು ವರಾಂಡಕ್ಕೆ ಹೋಗತೊಡಗಿದೆ.

ಕೊಟ್ಟೂರಿನ ಜೂನಿಯರ್ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಮೇಷ್ಟ್ರು, ಅವನು ಲ್ಯಾಬಿನ ಅಟೆಂಡರು. ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಸಣ್ಣ ಆಳು, ಹಣೆಯ ತುಂಬ ವಿಭೂತಿ, ಸಿಲ್ವರ್ ನೈಟ್ರೇಟ್ ತಾಗಿ ತಾಗಿ ಕಪ್ಪಾದ ಬೆರಳುಗಳು. ವರ್ಷವಿಡೀ ಪ್ರನಾಳ ತೊಳೆಯುವವನನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ನೀರಿನೊಳಗೆ ಕರೆಂಟು ಹಾಯಿಸಿ ಜಲಜನಕ ತೆಗೆಯುವ ದಿನ ಮಾತ್ರ ಅವನದು. ಅನಿಲ ತುಂಬಿದ ಪ್ರನಾಳದ ಬಾಯಿಗೆ ಕಡ್ಡಿ ಗೀರಿ ಹಿಡಿಯುತ್ತಿದ್ದ. ಪಟ್ ಎಂದು ಸದ್ದಾಗುತ್ತಿತ್ತು, ಹುಡುಗರು ಚಪ್ಪಾಳೆ ಹೊಡೆಯುತ್ತಿದ್ದರು. ಅವನು ಗಂಭೀರವಾಗಿ, “ಚಪ್ಪಾಳಿ ಆಮ್ಯಾಲೆ. ಮೊದ್ಲು ಬರ್ಕಳ್ರಿ. ಕಂಡಷ್ಟು ಬರೀರಿ, ಅಂದ್ಕಂಡಷ್ಟು ಬರೀಬ್ಯಾಡ್ರಿ” ಅನ್ನುತ್ತಿದ್ದ. ಪಾಠ ಹೇಳಬೇಕಾದವನು ನಾನು. ಆ ಮಾತನ್ನು ನಾನು ಒಂದು ದಿನವೂ ಹೇಳಿದ್ದಿಲ್ಲ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿರಬೇಕು. ಅವನ ಅಳಿಯ ಹೊಸಪೇಟೆಯ ಸೈಬರ್ ಅಂಗಡಿಯಿಂದ ನಾಲ್ಕು ಹಾಳೆ ಪ್ರಿಂಟು ತಂದುಕೊಟ್ಟ. ಕಾರಿನ ಬ್ಯಾಟರಿಯಿಂದ ನೀರನ್ನು ಒಡೆದು, ಬಂದ ಜಲಜನಕವನ್ನು ಇಂಜಿನ್ನಿಗೆ ಬಿಟ್ಟರೆ ಪೆಟ್ರೋಲು ಉಳಿಯುತ್ತದೆ ಎಂದು ಅದರಲ್ಲಿ ಚಿತ್ರಸಮೇತ ಬರೆದಿತ್ತು. ಇಂಗ್ಲಿಷು ಅವನಿಗೆ ಬರುತ್ತಿರಲಿಲ್ಲ, ಚಿತ್ರ ಚೆನ್ನಾಗಿ ಬರುತ್ತಿತ್ತು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ನಾನು ತಾಳ್ಮೆಯಿಂದಲೇ ಹೇಳಿದೆ. “ನೋಡ್ರಿ ವಾಮದೇವಪ್ಪ, ಬ್ಯಾಟರಿಗೆ ಕರೆಂಟು ಎಲ್ಲಿಂದ ಬರುತ್ತೆ? ಡೈನಮೋದಿಂದ. ಡೈನಮೋ ತಿರುಗಿಸೋದು ಯಾವುದು? ಇಂಜಿನ್ನು. ಇಂಜಿನ್ನಿಗೆ ಹಾಕೋದು ಅದೇ ಪೆಟ್ರೋಲು. ನೀರು ಒಡೆಯೋಕೆ ಎಷ್ಟು ಖರ್ಚಾಗುತ್ತೋ ಅಷ್ಟು ವಾಪಸ್ ಬರೋದಿಲ್ಲ. ಬಾವಿ ನೀರು ಸೇದಿ ಅದೇ ಬಾವಿಗೆ ಸುರಿದಂಗೆ ಇದು, ದಾರೀಲಿ ಚೆಲ್ಲಿದ್ದೇ ಬಂತು.”

ಅವನು ಎಲ್ಲವನ್ನೂ ತಲೆದೂಗಿ ಕೇಳಿದ. “ಖರೆ ಸಾರ್. ಆದ್ರ ಹಾಲಿಗೆ ಹೆಪ್ಪು ಹಾಕ್ತೀವಲ್ಲ, ಹೆಪ್ಪು ಎಷ್ಟಿರ್ತೈತಿ? ಅರ್ಧ ಚಮಚ. ಗಡಿಗಿ ಹಾಲು ಮೊಸರಾಗ್ತೈತಿ. ಜಲಜನಕ ಪೆಟ್ರೋಲಿಗೆ ಹೆಪ್ಪು ಇದ್ದಂಗ. ಚಲೋ ಉರಿಯಂಗ ಮಾಡ್ತೈತಿ.”

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಕೊಟ್ಟೆ. ಒಂದು ತಿಂಗಳು ಕೊಟ್ಟೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಪರೀಕ್ಷೆಯ ಕೊಠಡಿಯಲ್ಲಿ ನನಗೆ ಡ್ಯೂಟಿ ಬಿದ್ದ ಒಂದು ದಿನ, ಕಾಲೇಜಿನ ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ನನ್ನ ಹಳೇ ಫಿಯಟ್ಟಿಗೆ ಅವನು ತನ್ನ ಯಂತ್ರ ಕೂಡಿಸಿಯೇ ಬಿಟ್ಟಿದ್ದ. ಬಾನೆಟ್ ಎತ್ತಿ ನೋಡಿದರೆ ಉಪ್ಪಿನಕಾಯಿಯ ದೊಡ್ಡ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಹಳೇ ಟಿಫಿನ್ ಡಬ್ಬಿಯ ಸ್ಟೀಲ್ ತಗಡು, ಲ್ಯಾಬಿನ ಕಾಸ್ಟಿಕ್ ಸೋಡ ಕಲೆಸಿದ ನೀರು, ತಗಡಿಗೆ ಬ್ಯಾಟರಿಯಿಂದ ಎಳೆದ ವೈರು. ಡಬ್ಬಿಯ ಮುಚ್ಚಳದಿಂದ ಆಸ್ಪತ್ರೆಯ ಡ್ರಿಪ್ಪಿನ ಕೊಳವೆಯೊಂದು ಹೊರಟು ಕಾರ್ಬೊರೇಟರಿನ ಗಾಳಿಬಾಯಿಗೆ ಹೋಗಿತ್ತು. ನನ್ನ ಕಾರು ಐಸಿಯುವಿನಲ್ಲಿ ಮಲಗಿದ ಹಾಗೆ ಕಾಣುತ್ತಿತ್ತು.

“ಕೇಳದೇ ಯಾಕ್ರೀ ಹಾಕಿದ್ರಿ?”

“ಕೇಳಿದ್ರ ಬ್ಯಾಡ ಅಂತಿದ್ರಿ ಸಾರ್.”

ಹರಪನಹಳ್ಳಿಗೆ ಹೋಗಿ ಬರುವುದು ನನಗೆ ವಾರವಾರವೂ ಇತ್ತು, ಅದು ನನ್ನ ಹೆಂಡತಿ ಗಿರಿಜೆಯ ತವರು. ಮೂರು ವಾರ ವಾಮದೇವಪ್ಪ ನಮ್ಮ ಜೊತೆ ಬಂದ. ಬಂದ ಅಂದರೆ, ತಾನೇ ಓಡಿಸಿದ. ಹೊರಡುವ ಮುಂಚೆ ಗಾಲಿಗೆ ಗಾಳಿ ನೋಡುವುದು, ಪ್ಲಗ್ಗು ಉಜ್ಜುವುದು, ಬಂಕಿನಲ್ಲಿ ಕಾರನ್ನು ಅಲ್ಲಾಡಿಸಿ ಅಲ್ಲಾಡಿಸಿ ಟ್ಯಾಂಕಿನ ಕುತ್ತಿಗೆಯವರೆಗೆ ತುಂಬಿಸುವುದು. ದಾರಿಯಲ್ಲಿ ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಲಿಲ್ಲ ಅನ್ನುವುದೊಂದೇ ಮರ್ಯಾದೆ. ಆಕ್ಸಿಲರೇಟರನ್ನು ತುಳಿಯುತ್ತಿರಲಿಲ್ಲ, ಮುಟ್ಟುತ್ತಿದ್ದ, ಅಷ್ಟೇ. ಗಿರಿಜೆ ಹಿಂದೆ ಕೂತು, “ಇನ್ ಮ್ಯಾಲೆ ಅವ್ರಾ ಓಡಿಸ್ಲಿ ಬಿಡ್ರಿ, ಹೊಟ್ಟಿ ಅಲ್ಲಾಡಂಗಿಲ್ಲ” ಎಂದು ನನಗೇ ಚುಚ್ಚಿದಳು.

ಲೀಟರಿಗೆ ಹನ್ನೊಂದು ಕಿಲೋಮೀಟರು ಕೊಡುತ್ತಿದ್ದ ಕಾರು ಹದಿನಾಲ್ಕು ಕೊಟ್ಟಿತು.

ಮರುದಿನ ಅವನು ನನ್ನ ಮೇಜಿನ ಮೇಲೆ ಒಂದು ಪುಸ್ತಕ ತಂದಿಟ್ಟ. ಹುಡುಗರು ಪ್ರಯೋಗ ಬರೆಯುತ್ತಾರಲ್ಲ, ಅದೇ ರಟ್ಟಿನ ರೆಕಾರ್ಡು. ಉದ್ದೇಶ, ಸಾಮಗ್ರಿ, ವಿಧಾನ, ವೀಕ್ಷಣೆ, ಫಲಿತಾಂಶ. ಎಲ್ಲ ಕ್ರಮವಾಗಿ, ದುಂಡಗಿನ ಅಕ್ಷರದಲ್ಲಿ, ಎಡಗಡೆ ಪೆನ್ಸಿಲಿನಲ್ಲಿ ಉಪ್ಪಿನಕಾಯಿ ಡಬ್ಬಿಯ ಚಿತ್ರ. ಕೆಳಗೆ ಉಪನ್ಯಾಸಕರ ಸಹಿಗೆ ಗೆರೆ.

“ಇದಕ್ಕ ಒಂದ್ ಸಹಿ ಮಾಡ್ರಿ ಸಾರ್. ಇಷ್ಟು ವರ್ಸ ಎಲ್ಲರ ರೆಕಾರ್ಡೂ ನಿಮ್ ಟೇಬಲ್ಲಿಗೆ ಹೊತ್ತು ತಂದಿಟ್ಟೀನಿ. ನಂದು ಅಂತ ಒಂದಿಲ್ಲ.”

“ನೀರಿನಿಂದ ಉಳಿದಿದ್ದಲ್ಲ ಇದು. ನಿಮ್ಮ ಕಾಲಿನಿಂದ ಉಳಿದಿದ್ದು. ಸುಳ್ಳಿಗೆ ನಾನು ಸಹಿ ಹಾಕೋದಿಲ್ಲ.”

“ಅರವತ್ತು ಹುಡುಗ್ರ ರೆಕಾರ್ಡಿಗೆ ಹಾಕ್ತೀರಿ. ಒಬ್ಬ ಬರದದ್ದನ್ನ ಐವತ್ತೊಂಬತ್ತು ಮಂದಿ ಕಾಪಿ ಹೊಡದಿರ್ತಾರ. ಒಂದೂ ಓದಂಗಿಲ್ಲ. ಇದು ನಾನಾ ನೋಡಿ ಬರದದ್ದು.”

ಸಿಟ್ಟು ನೆತ್ತಿಗೇರಿತು. ಮಾತು ನಿಜವಾಗಿತ್ತು, ಅದಕ್ಕೇ ಏರಿತು. ಪುಸ್ತಕವನ್ನು ಅವನತ್ತ ತಳ್ಳಿ ಹೇಳಿದೆ: “ಹಾಗಾದ್ರೆ ವೈರ್ ಹಚ್ಚಿ ಹತ್ತು ಸಲ ಓಡಿಸಿ, ವೈರ್ ತೆಗೆದು ಹತ್ತು ಸಲ ಓಡಿಸಿ. ಅದೇ ದಾರಿ, ಅದೇ ಭಾರ, ಅದೇ ಕಾಲು. ಆಮೇಲೆ ತರ್ರಿ.”

“ಓದಿ ಸಹಿ ಹಾಕ್ತೀರಾ?”

“ಓದಿ ಹಾಕ್ತೀನಿ.”

ಪೀಡೆ ತೊಲಗಲಿ ಎಂದು ಕೊಟ್ಟ ಮಾತು ಅದು. ತೊಲಗಲಿಲ್ಲ. ಮುಂದಿನ ಭಾನುವಾರ ಗಿರಿಜೆಯ ತಮ್ಮನ ಮಗಳ ಚೊಚ್ಚಲ ಬಸುರಿನ ಕುಬಸ. ಅವತ್ತಿನ ಮಟ್ಟಿಗೆ ಡಬ್ಬಿಯನ್ನು ಬಿಚ್ಚಿರೆಂದು ನಾನು ಹೇಳಿದ್ದೆ, ಅವನು ವೈರಷ್ಟೇ ಬಿಚ್ಚಿದ್ದ. ಗಿರಿಜೆಯ ಮಾತಿನಂತೆ ಅಂದೂ ಓಡಿಸಲು ಬಂದವನು, ಹೊರಡುವಾಗ ಮನಸ್ಸು ತಡೆಯದೆ ಅದನ್ನೂ ಹಚ್ಚಿದ. ಹರಪನಹಳ್ಳಿ ಇನ್ನೇನು ಬಂತು ಅನ್ನುವಾಗ ಇಂಜಿನ್ನು ಒಮ್ಮೆ ಸೀನಿತು. ಕಿಡಿ ಕೊಳವೆಯ ಮೂಲಕ ಹಿಂದಕ್ಕೆ ಓಡಿ, ಡಬ್ಬಿಯ ಮುಚ್ಚಳ ಬಾನೆಟ್ಟಿಗೆ ಬಡಿದು, ಸೋಡದ ನೀರೆಲ್ಲ ಇಂಜಿನ್ನಿನ ಮೇಲೆ ಚೆಲ್ಲಿತು. ಲ್ಯಾಬಿನಲ್ಲಿ ಕೇಳುತ್ತಿದ್ದ ಅದೇ ಪಟ್, ಹತ್ತು ಪಟ್ಟು ಜೋರಾಗಿ. ನಾವು ಟ್ರಕ್ಕು ಹತ್ತಿ ಊರು ಸೇರಿದಾಗ ಆರತಿ ಮುಗಿದು ಎಲೆ ಎತ್ತುತ್ತಿದ್ದರು. ಗಿರಿಜೆ ನಾಲ್ಕು ದಿನ ಮಾತು ಬಿಟ್ಟಳು. ಅವನ ಜೊತೆ ಅಲ್ಲ, ನನ್ನ ಜೊತೆ.

“ನನ್ನ ಕಾರಿನ ನೆರಳಿಗೂ ಬರಬೇಡ್ರಿ” ಅಂದೆ. ಅವನು ಬರಲಿಲ್ಲ. ಅವನ ಭಾಮೈದನದೊಂದು ಪೆಟ್ರೋಲಿನಲ್ಲಿ ಓಡುವ ವ್ಯಾನಿತ್ತು. ದಿನಾ ಬೆಳಿಗ್ಗೆ ಹಡಗಲಿಯಿಂದ ಕೊಟ್ಟೂರಿಗೆ ಮಲ್ಲಿಗೆ ಹೂವು ತರುವ ವ್ಯಾನು. ವಾಮದೇವಪ್ಪ ಆ ವ್ಯಾನಿನಲ್ಲಿ ಓಡಾಡುತ್ತಾನೆ ಎಂದು ಯಾರೋ ಹೇಳಿದರು. ಕೆಲವು ದಿನ ಅವನು ಲ್ಯಾಬಿಗೆ ಬಂದರೆ ಆಮ್ಲದ ವಾಸನೆಯ ಮೇಲೆ ಮಲ್ಲಿಗೆಯ ವಾಸನೆ ತೇಲುತ್ತಿತ್ತು. ನಾನು ಏನೂ ಕೇಳಲಿಲ್ಲ. ಕೇಳಿದರೆ ಹೇಳುತ್ತಾನಲ್ಲ ಎಂಬ ಭಯ. ಒಂದು ದಿನ ನೀರು ಕುಡಿಯುವಾಗ ಅವನು ಲೋಟವನ್ನು ಬೆಳಕಿಗೆ ಹಿಡಿಯಲಿಲ್ಲ. ಅದನ್ನು ಗಮನಿಸಿದೆ, ಸದ್ಯ ಬುದ್ಧಿ ಬಂತು ಅಂದುಕೊಂಡೆ.

ಅಷ್ಟರಲ್ಲಿ ನನಗೆ ಕೂಡ್ಲಿಗಿಗೆ ವರ್ಗವಾಯಿತು. ಕೊನೆಯ ದಿನ, ಮೇಜಿನ ಮೇಲೆ ರೆಕಾರ್ಡುಗಳ ರಾಶಿ. ಮೂರು ಗಂಟೆಗೆ ಬೀಳ್ಕೊಡುಗೆ, ಅಷ್ಟರೊಳಗೆ ಎಲ್ಲಕ್ಕೂ ಸಹಿ ಆಗಬೇಕು. ಒಂದು ಕೈಯಲ್ಲಿ ಹಾಳೆ ತಿರುವುತ್ತ ಇನ್ನೊಂದರಲ್ಲಿ ‘ಪರಿಶೀಲಿಸಿದೆ’ ಎಂದು ಗೀಚುತ್ತಿದ್ದೆ. ವಾಮದೇವಪ್ಪ ಬಂದು ನಿಂತ. ಪೇಪರಿನಲ್ಲಿ ಸುತ್ತಿದ್ದ ರೆಕಾರ್ಡನ್ನು ಬಿಚ್ಚಿ, ಕೊನೆಯ ಪುಟ ತೆಗೆದು, ಕಪ್ಪು ಬೆರಳಿಟ್ಟು ತೋರಿಸಿದ.

“ಮುಗಿಸೀನಿ ಸಾರ್. ಇಪ್ಪತ್ತು ಸಲ.”

ಹೋಗುವ ದಿನವೂ ಬಿಡಲಿಲ್ಲವಲ್ಲ ಈ ಪುಣ್ಯಾತ್ಮ ಅನ್ನಿಸಿತು. ಜಗಳ ಬೇಡ, ಸಹಿಯೊಂದು ತಾನೇ, ಇರಲಿ. ಆ ಬೆರಳಿನ ಪಕ್ಕದಲ್ಲೇ ‘ಪರಿಶೀಲಿಸಿದೆ’ ಎಂದು ಬರೆದು, ಸಹಿ ಹಾಕಿ, ತಾರೀಖು ಜಡಿದು, ಮುಂದಿನ ರೆಕಾರ್ಡಿಗೆ ಕೈಹಾಕಿದೆ.

“ಓದ್ಲಿಲ್ಲ ಸಾರ್.”

“ನಿಮಗೆ ಬೇಕಾಗಿದ್ದು ಸಹಿ ತಾನೇ? ಹಾಕೀನಲ್ಲ ಮತ್ತೆ.”

ಅವನು ಮಸಿ ಆರುವವರೆಗೆ ಊದಿದ. ಪುಸ್ತಕವನ್ನು ಮೊದಲಿನಂತೆಯೇ ಸುತ್ತಿಕೊಂಡು, “ಆತು ಬಿಡ್ರಿ” ಅಂದು ಹೋದ. ಬೀಳ್ಕೊಡುಗೆಯಲ್ಲಿ ಹಾರ ತಂದುಕೊಟ್ಟವನೂ ಅವನೇ. ಆಮೇಲೆ ನಾನು ಅವನನ್ನು ನೋಡಲಿಲ್ಲ.

ಎರಡು ವರ್ಷದ ಮೇಲೆ ಅವನು ತೀರಿಕೊಂಡ ಸುದ್ದಿ ತಡವಾಗಿ ಗೊತ್ತಾಗಿ ಕೊಟ್ಟೂರಿಗೆ ಹೋದೆ. ಅವನ ಮಗಳು ನಾಗರತ್ನ ಒಳಗಿನಿಂದ ಆ ಪೇಪರಿನ ಕಟ್ಟನ್ನೇ ತಂದಳು. “ಸಾರ್ ಬಂದ್ರ ಕೊಡು ಅಂದಿದ್ರು ಅಪ್ಪ. ಸಹಿ ಆಗೈತಂತ್ರಿ, ಓದಾದು ಬಾಕಿ ಐತಂತ” ಅಂದಳು.

ಅವರ ಪಡಸಾಲೆಯಲ್ಲೇ ಕೂತು ಓದಿದೆ. ಇಪ್ಪತ್ತು ದಿನದ ಹೂವಿನ ಭಾರ, ಓಡಿದ ದೂರ, ತುಂಬಿದ ಪೆಟ್ರೋಲು. ವಿಧಾನದಲ್ಲಿ ಬರೆದಿದ್ದ: “ವೈರು ಹಚ್ಚುವುದೋ ಬೇಡವೋ ಎಂದು ದಿನಾ ಚೀಟಿ ಎತ್ತಿ ನಿರ್ಧರಿಸಿದೆ. ಓಡಿಸುವವನಿಗೆ ತಿಳಿಸಿಲ್ಲ. ತಿಳಿದರೆ ಕಾಲು ಬದಲಾಗುತ್ತದೆ.” ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನಂತೂ ಹೇಳಿಕೊಟ್ಟಿರಲಿಲ್ಲ, ನನಗೇ ಹೊಳೆದಿರಲಿಲ್ಲ. ಕೊನೆಗೆ: “ಫಲಿತಾಂಶ: ನೀರಿನಿಂದ ಪೆಟ್ರೋಲು ಉಳಿದದ್ದು ಕಂಡುಬಂದಿಲ್ಲ. ಸಾರ್ ಹೇಳಿದ್ದು ಸರಿ ಇದೆ.”

ಸೋತೆನೆಂದು ಹೇಳಲು ಬಂದಿದ್ದ ಮನುಷ್ಯ. ಅದನ್ನು ನನ್ನ ಕಣ್ಣಿನಿಂದ ಓದಿಸಬೇಕೆಂದಷ್ಟೇ ಅವನ ಆಸೆಯಿತ್ತು. ನನಗೆ ಅವನ ಮೇಲೆ ಮತ್ತೆ ಸಿಟ್ಟು ಬಂತು, ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ ಎಂದು. ಆಮೇಲೆ ಆ ಸಿಟ್ಟು ಯಾರ ಮೇಲೆ ಎಂದು ಗೊತ್ತಾಗಿ ತಲೆ ತಗ್ಗಿಸಿದೆ.

ಫಲಿತಾಂಶದ ಕೆಳಗೆ ನನ್ನ ಅವಸರದ ‘ಪರಿಶೀಲಿಸಿದೆ’. ಅದರ ಪಕ್ಕದಲ್ಲಿ, ಪೆನ್ಸಿಲಿನಲ್ಲಿ, ಅದೇ ದುಂಡಗಿನ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು, ಅದೇ ತಾರೀಖು ಹಾಕಿ:

“ವೀಕ್ಷಣೆ: ಸಾರ್ ಓದಲಿಲ್ಲ.”