ಮಂಚಾಚಾರಿಯ ಮುರಿದ ಗುಳಗಳು

ನಲವತ್ತೊಂದನೇ ಇಸವಿಯ ಮುಂಗಾರಿನಲ್ಲಿ ಹಿರೀಸಾವೆ ಪಕ್ಕದ ಹಳ್ಳಿಯ ಕಮ್ಮಾರ ಮಂಚಾಚಾರಿಗೆ ತಲೆ ಕೆಟ್ಟುಹೋಗಿತ್ತು. ಮೂವತ್ತು ವರ್ಷ ಅವನು ಬಡಿದ ನೇಗಿಲ ಗುಳ ಸವೆಯುತ್ತಿತ್ತೇ ಹೊರತು ಮುರಿದದ್ದಿಲ್ಲ. ಈಗ ತಿಂಗಳಲ್ಲಿ ಎರಡು ಪಟಾರನೆ ಮುರಿದಿದ್ದವು!

ಇದ್ದಿಲು ಬದಲಿಸಿದ. ಕಾದ ಕಬ್ಬಿಣ ಅದ್ದುವ ನೀರು ಬದಲಿಸಿದ. ಕುಲುಮೆಗೆ ಕಣ್ಣು ಬಿತ್ತೆಂದು ಕುಂಬಳಕಾಯಿ ಒಡೆದ. ಏನು ಮಾಡಿದರೂ ಅಷ್ಟೇ. ಕೊನೆಗೆ ಹಳೆಯ ಗುಳವೊಂದನ್ನು ಬೇಕೆಂದೇ ಮುರಿದು, ಹೊಸದರ ಪಕ್ಕ ಇಟ್ಟು ನೋಡಿದ. ಕಬ್ಬಿಣದೊಳಗಿನ ಕಸ, ಕಿಟ್ಟ, ಎರಡರಲ್ಲೂ ಇತ್ತು. ಹಳೆಯದರಲ್ಲಿ ಹಿಟ್ಟಿನಷ್ಟು ನುಣ್ಣಗೆ ಹರಡಿತ್ತು, ಹೊಸದರಲ್ಲಿ ರಾಗಿಕಾಳಿನಷ್ಟು ದಪ್ಪ. ಎರಡನ್ನೂ ಒಂದೇ ಕಬ್ಬಿಣದ ಪಟ್ಟಿಯಿಂದ ಕತ್ತರಿಸಿದ್ದನಲ್ಲ! ಅಯ್ಯೋ ಶಿವನೇ, ಸಣ್ಣ ಕಿಟ್ಟ ದಪ್ಪಗಾಗುವುದು ಹೇಗೆ?

ಅಷ್ಟರಲ್ಲಿ ರೈತ ಹುಚ್ಚಯ್ಯ ಮುರಿದ ಮೂರನೆಯ ಗುಳವನ್ನು ತಂದು ಎಸೆದ. "ಆಚಾರ್ರೇ, ಇನ್ನೊಂದು ಮುರುದ್ರೆ ಊರೋರೆಲ್ಲ ಇರೀಸಾವೆ ಕುಲುಮೆಗೇ ಓಯ್ತೀವಿ. ಬ್ಯಾಸರ ಮಾಡ್ಕಬ್ಯಾಡಿ."

ಊರೇ ಹೋದ ಮೇಲೆ ಕಮ್ಮಾರನಿಗೆ ಉಳಿಯುವುದೇನು? ಮಂಚಾಚಾರಿ ಹೋದ ತಿಂಗಳಷ್ಟೇ ಹಾಸನದಿಂದ ತಂದಿದ್ದ, ಕುಲುಮೆಗೆ ಗಾಳಿ ಊದುವ ಹೊಸ ಗಾಳಿಚಕ್ರವನ್ನು ಸಿಟ್ಟಿನಿಂದ ಗರಗರ ತಿರುಗಿಸತೊಡಗಿದ. ಅಲ್ಲಿಯವರೆಗೆ ಗಾಳಿಗೆಂದು ತೊಗಲಿನ ತಿದಿ ಒತ್ತೀ ಒತ್ತೀ ಹೆಂಡತಿ ಪಾರ್ವತಮ್ಮನ ಭುಜ ಬಾತಿತ್ತೆಂದು ಪಾಪ, ಅವಳಿಗಾಗಿಯೇ ತಂದದ್ದು ಅದು.

ಬಾಗಿಲಲ್ಲಿ ನಿಂತಿದ್ದ ಪಾರ್ವತಮ್ಮ ಕೂಗಿದಳು: "ಕಬ್ಬಿಣಾನ ಅಷ್ಟೊಂದು ಬೆಳ್ಳಗೆ ಯಾಕೆ ಕಾಯಿಸ್ತೀರಿ?"

"ಯಾವತ್ತೂ ಇಂಗೇ ಕಾಯ್ಸಿರೋದು ಕಣೇ!"

"ಇಲ್ಲ. ನೀವು ಒತ್ತು ಒತ್ತು ಅಂತಿದ್ರಿ. ಅಳದಿ ಬಣ್ಣ ತಿರುಗ್ತಿದ್ದಂಗೇ ನಾನು ತಿದಿ ಸಡಿಲ ಬಿಡ್ತಿದ್ದೆ. ಬೆಳ್ಳಗಾದ್ರೆ ಒಳಗಿನ ಸಣ್ಣ ಕಿಟ್ಟ ಎಲ್ಲ ಸೇರ್ಕಂಡು ಗಂಟಾಯ್ತದೆ, ಕಬ್ಬಿಣದ ಕಸುವು ಓಯ್ತದೆ. ನಮ್ಮಪ್ಪನ ಕುಲುಮೇಲಿ ನೋಡಿದ್ದೆ."

"ಮೂವತ್ತು ವರ್ಷ ಯೋಳ್ನೇ ಇಲ್ವಲ್ಲೇ!"

"ಯೋಳಿದ್ರೆ ಕೇಳೋರಾ ನೀವು?"

ಮಂಚಾಚಾರಿ ಚಕ್ರದಿಂದ ಕೈ ತೆಗೆದ. ಮೂವತ್ತು ವರ್ಷ ಮೀಸೆ ತಿರುವಿದ್ದು ಯಾರ ಕೈಚಳಕಕ್ಕೆ? ನಾಚಿಕೆಯೂ ಆಯಿತು, ಸಿಟ್ಟೂ ಬಂತು, ಯಾರ ಮೇಲೆಂದು ಮಾತ್ರ ತಿಳಿಯಲಿಲ್ಲ. ಕೊನೆಗೆ ಮಣೆ ಹಾಕಿ ಅವಳನ್ನು ಬೆಂಕಿಯೆದುರು ಕೂರಿಸಿದ. ಅವಳು "ಸಾಕು" ಅಂದಾಗ ಚಕ್ರ ನಿಲ್ಲಿಸಿದ.

ವಾರ ಕಳೆದು ಹುಚ್ಚಯ್ಯ ನಗುನಗುತ್ತಾ ಬಂದ. "ಒಸ ಗುಳ ಕಲ್ಲಿಗೆ ಬಡುದ್ರೂ ಜಪ್ಪಯ್ಯ ಅನ್ನನಿಲ್ಲ ಆಚಾರ್ರೇ! ಊರೋರೆಲ್ಲ ನಿಮ್ತಾವೇ ಬತ್ತಾರಂತೆ. ಅದೇನ್ ಕೈ ನಿಮ್ದು!"

ಮಂಚಾಚಾರಿ ತನ್ನ ಅಂಗೈ ನೋಡಿಕೊಂಡ. ಆಮೇಲೆ ಒಳಕ್ಕೆ ತಿರುಗಿ ಕೂಗಿದ:

"ಪಾರ್ವತೀ, ಉಚ್ಚಯ್ಯ ಬಂದವ್ನೆ. ಗುಳದ ಮಾತು ನೀನೇ ಆಡು ಬಾ."