ಪದ್ಮನಾಭಯ್ಯ ಸಾರ್ ಕುಡಿದ ನೀರು

ಪದ್ಮನಾಭಯ್ಯ ಸಾರ್ ತಾವು ಸೋಸಿದ ನೀರನ್ನು ತಾವೇ ಕುಡಿಯುತ್ತಿದ್ದರು. ಸೀಮೆಎಣ್ಣೆ ಬೆರೆಸಿದ ನೀರನ್ನು ಒಂದು ಲೋಳೆ ಬಟ್ಟೆಯ ಮೇಲೆ ಸುರಿಯುವುದು, ಎಣ್ಣೆ ಮೇಲೆಯೇ ನಿಂತು ನೀರು ಮಾತ್ರ ಕೆಳಗಿಳಿದರೆ ಅದನ್ನು ಲೋಟಕ್ಕೆ ಹಿಡಿದು ಗಟಗಟನೆ ಕುಡಿಯುವುದು. ಮೊದಲ ಸಲ ನೋಡಿದಾಗ ನಾನು ಕಿರುಚಿಯೇಬಿಟ್ಟೆ.

"ಎಂತಕ್ಕೆ ಕೂಗ್ತೀಯ ಮಾರಾಯ್ತಿ? ನಾನೇ ಕುಡಿಯದ ನೀರನ್ನ ಮೀನಿಗೆ ಕುಡಿ ಅನ್ನಕ್ಕಾಗ್ತದಾ?" ಎಂದು ಅವರು ಬಾಯಿ ಒರೆಸಿಕೊಂಡರು.

ಊರಿಗೆ ಮೊಬೈಲ್ ಬರುತ್ತಿದ್ದ ಕಾಲ ಅದು. ಅವರು ಕೊಪ್ಪದ ನಮ್ಮ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ನಾನು ಲ್ಯಾಬ್ ಅಟೆಂಡರ್, ಅದೂ ಟೆಂಪರರಿ. ಶೃಂಗೇರಿಯ ಹೊರಗೆ ಬಸ್ಸು ತೊಳೆಯುವ ಜಾಗದಿಂದ ಹಳ್ಳಕ್ಕೆ ಎಣ್ಣೆ ಇಳಿಯುವುದನ್ನು ನೋಡಿದ ದಿನದಿಂದ ಅವರಿಗೆ ಈ ಬಟ್ಟೆಯ ಹುಚ್ಚು ಹಿಡಿದಿತ್ತು. ಹಳೆಯ ಪಂಚೆ, ಸ್ಟೀಲ್ ಜಾಲರಿ, ಯಾವುದನ್ನೂ ಬಿಟ್ಟವರಲ್ಲ. ಹೆಂಡತಿಯ ಹಿಟ್ಟಿನ ಜರಡಿ ಕಾಣೆಯಾದರೆ ಲ್ಯಾಬಿನಲ್ಲಿ ಸಿಗುತ್ತಿತ್ತು.

"ತೂತು ಸಣ್ಣ ಮಾಡಿದ್ರೆ ಸಾಕಾಗದಿಲ್ಲ. ಬಟ್ಟೆಗೆ ನೀರಿನ ಮೇಲೆ ಪ್ರೀತಿ ಹುಟ್ಟಿಸ್ಬೇಕು. ನೀರು ತುಂಬ್ಕೊಂಡ ಬಟ್ಟೆ ಎಣ್ಣೆಗೆ ಜಾಗ ಬಿಡದಿಲ್ಲ" ಎನ್ನುತ್ತಿದ್ದರು. ಆ ಪ್ರೀತಿ ಹುಟ್ಟಿಸಲು ಬಟ್ಟೆಗೆ ಏನು ಹಚ್ಚುತ್ತಾರೆಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಸಾರ್ ಏಳು ವರ್ಷ ಬೆನ್ನು ಹತ್ತಿದ ಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಬಸ್ ಮಾಲೀಕರು ಒಂದೇ ಒಂದು ಸಲ ಬಂದು ನೋಡಲು ಒಪ್ಪಿದರು. ಅವರಿಗೆ ಹಿಡಿಸಿದರೆ ಮೂರೂ ಊರಿನಲ್ಲಿ ಈ ಬಟ್ಟೆ ಕಟ್ಟಿದ ತೊಟ್ಟಿ. ಇಲ್ಲದಿದ್ದರೆ ಸಾರ್ ಬಟ್ಟೆಯ ಕೆಲಸ ಅಲ್ಲಿಗೇ ಮುಗಿಯಿತು. ಹಿಂದಿನ ದಿನ ಸಾರ್ ಬಟ್ಟೆಯನ್ನು ನನ್ನ ಕೈಗಿತ್ತು, "ನಾಳೆ ಚೌಕಟ್ಟಿಗೆ ಕಟ್ಟಿ ತಾ" ಎಂದರು.

ಮನೆಯಲ್ಲಿ ಬಿಡಿಸಿದರೆ ಹಳದಿ ಬಣ್ಣ, ಲೋಳೆ, ಹುಳಿ ವಾಸನೆ. ದೊಡ್ಡವರ ಮುಂದೆ ಇಂಥದ್ದನ್ನು ಇಡುವುದೇ? ಶುಭಕಾರ್ಯವೆಂದರೆ ನಾವು ರೇಷ್ಮೆ ಸೀರೆಯನ್ನು ಅಂಟುವಾಳದ ನೊರೆಯಲ್ಲಿ ತೊಳೆಯುವವರು. ಇದನ್ನೂ ಹಾಗೆಯೇ ಉಜ್ಜಿದೆ. ಮೆತ್ತಗಿರಲೆಂದು ನೊರೆಯನ್ನು ಪೂರ್ತಿ ಜಾಲಿಸದೆ ಒಣಗಿಸಿ, ಬೆಳ್ಳಗಾದ ಬಟ್ಟೆಯನ್ನು ಕಟ್ಟಿದೆ. ನನಗೆ ಹೆಮ್ಮೆಯೋ ಹೆಮ್ಮೆ.

ಮರುದಿನ ಮಾಲೀಕರು, ಪ್ರಿನ್ಸಿಪಾಲರು ಸೇರಿದ್ದ ಲ್ಯಾಬಿನಲ್ಲಿ ಸಾರ್ ತುಂಗೆಯ ನೀರಿಗೆ ಡೀಸೆಲ್ ಬೆರೆಸಿ, "ಇಳಿದ ನೀರನ್ನ ನಾನೇ ಕುಡೀತೀನಿ" ಎಂದು ಎಲ್ಲರೆದುರು ಹೇಳಿ ಸುರಿದರು. ಇಳಿದದ್ದು ಹಾಲಿನಂತೆ ಬೆಳ್ಳಗಿನ, ಡೀಸೆಲ್ ನಾರುವ ನೀರು.

"ಕುಡೀರಿ ಸಾರ್, ಮಾತು ಕೊಟ್ಟಿದ್ದೀರಲ್ಲ!" ಎಂದು ಮಾಲೀಕರೊಬ್ಬರು ನಕ್ಕರು.

ಸಾರ್ ನಿಜಕ್ಕೂ ಲೋಟ ಎತ್ತಿದರು. ಒಂದು ಗುಟುಕು ಕುಡಿದು, ತಡೆದು, ನನ್ನ ಕಡೆ ನೋಡಿದರು. ಅಷ್ಟರಲ್ಲಿ ಪ್ರಿನ್ಸಿಪಾಲರು, "ಬಟ್ಟೆ ತಯಾರು ಮಾಡಿದ್ದು ಯಾರ್ರೀ?" ಎಂದು ಗದರಿದರು. ಸಾರ್ ಲೋಟದಲ್ಲಿ ಉಳಿದದ್ದನ್ನೂ ಕುಡಿದು ಮುಗಿಸಿದರು.

"ನಾನೇ. ನನ್ನ ಅಂದಾಜು ತಪ್ಪಿತು" ಎಂದರು.

ಸಾರ್ ಒಂದು ವಾರ ಹೊಟ್ಟೆನೋವಿನಿಂದ ಮಲಗಿದರು. ಮಾಲೀಕರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಸಾರ್ ಬಟ್ಟೆಯ ಮಾತೆತ್ತುವುದನ್ನೇ ಬಿಟ್ಟರು, ನಾನೂ ಬಟ್ಟೆ ತೊಳೆದದ್ದನ್ನು ಹೇಳದೆ ಹೇಡಿಯ ಹಾಗೆ ಸುಮ್ಮನಿದ್ದುಬಿಟ್ಟೆ.

ಎಷ್ಟೋ ವರ್ಷಗಳ ಮೇಲೆ, ನಿವೃತ್ತರಾಗಿ ನರಸಿಂಹರಾಜಪುರಕ್ಕೆ ಹೋಗಿದ್ದ ಸಾರ್ ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಓಡಿದೆ. ಅಳುತ್ತಾ ಎಲ್ಲವನ್ನೂ ಹೇಳಿಕೊಂಡೆ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು.

"ಮೊದಲ ಗುಟುಕಿಗೇ ಗೊತ್ತಾಯ್ತು ಮಾರಾಯ್ತಿ. ಅಂಟುವಾಳದ ಕಹಿ ಅಡಗ್ತದಾ? ನಾನು ಹಚ್ಚಿದ್ದ ದಾಸವಾಳದ ಲೋಳೆ ಪೂರಾ ಹೋಗಿತ್ತು, ನಿನ್ನ ನೊರೆ ಎಣ್ಣೇನ ನೀರಿಗೆ ಬೆರೆಸಿಬಿಟ್ಟಿತ್ತು."

"ಹಂಗಾರೆ ಹೇಳಬಹುದಿತ್ತಲ್ಲ ಸಾರ್! ಬೇರೆ ಬಟ್ಟೆ ಕಟ್ಟಿ ಇನ್ನೊಂದ್ಸಲ ತೋರಿಸಬಹುದಿತ್ತಲ್ಲ!"

"ಬಹುದಿತ್ತು. ಆದ್ರೆ ಪ್ರಿನ್ಸಿಪಾಲರು ಅಲ್ಲೇ ನಿಂತಿದ್ರಲ್ಲ. ನೀನಾಗ ಇನ್ನೂ ಟೆಂಪರರಿ."

ತಿಂಗಳೊಳಗೆ ಅವರು ಹೋಗಿಬಿಟ್ಟರು. ಆ ಹಳ್ಳದ ನೀರಿನ ಮೇಲೆ ಎಣ್ಣೆ ಇವತ್ತಿಗೂ ತೇಲುತ್ತದೆ. ನಾನು ಪರ್ಮನೆಂಟ್ ಆಗಿದ್ದೇನೆ.