ಮೇಪಲ್ ಮರದ ಹಸಿವು

ಗರಗಸ ಹಿಡಿದು ಬಂದವನಿಗೆ ಅಡ್ಡ ನಿಂತು, “ನೋ ಕಟ್! ಹಂಗ್ರಿ, ಹಂಗ್ರಿ!” ಎಂದೆ. ಆತ ಗರಗಸ ಕೆಳಗಿಟ್ಟು, ಲಾರಿಯಿಂದ ತನ್ನ ಊಟದ ಡಬ್ಬಿ ತಂದು, ಅರ್ಧ ಸ್ಯಾಂಡ್‌ವಿಚ್ ನನ್ನ ಕೈಗಿಟ್ಟ.

ಎಪ್ಪತ್ತರ ದಶಕದಲ್ಲಿ, ನಾನು ಮಗನ ಜೊತೆ ಇರಲೆಂದು ಈ ಪರದೇಶಕ್ಕೆ ಬಂದ ಹೊಸತರಲ್ಲಿ, ವುಡ್‌ಬ್ರಿಡ್ಜ್ ಊರಿನ ನಮ್ಮ ಮನೆಯ ಮುಂದೆ ನಡೆದದ್ದಿದು. ಬೀದಿಯ ಮೇಪಲ್ ಮರ ಅರ್ಧ ಒಣಗಿತ್ತೆಂದು ಪುರಸಭೆಯ ಆಳು ಕಡಿಯಲು ಬಂದಿದ್ದ. ಮರ ಸತ್ತಿಲ್ಲ, ಮಣ್ಣಿನಲ್ಲಿ ಸತ್ವವಿಲ್ಲದೆ ಹಸಿದಿದೆ ಎಂದು ಹೇಳುವಷ್ಟು ಇಂಗ್ಲಿಷ್ ನನ್ನಲ್ಲಿರಲಿಲ್ಲ.

ಸೊಸೆ ಓಡಿಬಂದಳು. “ಅಯ್ಯೋ ಅತ್ತೆ, ಬೀದೀಲಿ ನಿಂತು ಊಟ ಕೇಳ್ತಿದ್ದೀರಾ? ನೇಬರ್ಸ್ ಏನಂದ್ಕೋತಾರೆ!”

“ನಂಗಲ್ಲ ಕಣೇ, ಮರಕ್ಕೆ! ಉದುರಿದ ಎಲೆನೆಲ್ಲ ಪ್ರತಿ ವರ್ಷ ಗುಡಿಸಿ ಚೀಲಕ್ಕೆ ತುಂಬಿ ಕಳಿಸ್ತೀರಿ. ಅದು ಏನು ತಿನ್ಬೇಕು?”

ಸೊಸೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆತ ಜೋರಾಗಿ ನಕ್ಕ. ಬರುವ ವಸಂತದವರೆಗೆ ನೋಡೋಣವೆಂದು, ತನ್ನ ಸ್ಯಾಂಡ್‌ವಿಚ್ ವಾಪಸ್ ತೆಗೆದುಕೊಂಡು ಹೊರಟ.

ಕಾರುಗಳು ಹತ್ತಿ ಹತ್ತಿ ಗಾರೆಯಂತಾಗಿದ್ದ ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಮೆಲ್ಲಗೆ ಕೆದಕಿದೆ. ಬುಡದ ಸುತ್ತ ಪಾತಿ ಮಾಡಿ, ಒಣಗಿದ ಎಲೆ, ತರಕಾರಿ ಸಿಪ್ಪೆಗಳನ್ನು ಮಣ್ಣಿನಲ್ಲಿ ಬೆರೆಸಿದೆ. ಮೊದಮೊದಲು ನಾಚಿಕೆಪಡುತ್ತಿದ್ದ ಸೊಸೆ, ಆಮೇಲೆ ಪಕ್ಕದ ಮನೆಯ ಎಲೆಗಳನ್ನೂ ಕೇಳಿ ತಂದಳು. ವಸಂತದಲ್ಲಿ ಒಂದೇ ಕಡೆಯ ಕೊಂಬೆಗಳು ಚಿಗುರಿದವು. ಒಣಗಿದ ಕೊಂಬೆಗಳನ್ನಷ್ಟೇ ಸವರಿ ಆತ ಮರವನ್ನು ಉಳಿಸಿಹೋದ.

ಮೊಮ್ಮಕ್ಕಳೇ, ನೀವು ಸೈಕಲ್ ಒರಗಿಸುತ್ತಿದ್ದ ಮರ ಅದೇ. ಇಂದಿಗೂ ಒಂದು ಕಡೆಗೆ ವಾಲಿಕೊಂಡೇ ಇದೆ. ಆದರೆ ಅದರ ಬುಡದಲ್ಲಿ ಬೆರಳೊತ್ತಿ ನೋಡಿ, ಸಲೀಸಾಗಿ ಮಣ್ಣಿನೊಳಗೆ ಇಳಿಯುತ್ತದೆ.